ಕರೆಂಟ್ ಕಮ್ಮಿ ಬಿದ್ದಾಗ ಮೊದಲು ಯಾರನ್ನ ಆಫ್ ಮಾಡ್ತಾರೆ?

ಭಾಗ 1/9

ನಿಮ್ಮ ಮನೆಗೆ ಇನ್ವರ್ಟರ್ ಹಾಕಿಸಿದ ದಿನ ನೆನಪಿದೆಯಾ? ಎಲೆಕ್ಟ್ರಿಷಿಯನ್ ಅಣ್ಣ ಬಂದು ಒಂದು ಪ್ರಶ್ನೆ ಕೇಳಿರ್ತಾರೆ: "ಯಾವ್ಯಾವ ಪಾಯಿಂಟ್ ಇನ್ವರ್ಟರ್ ಲೈನಿಗೆ ಕೊಡ್ಲಿ?" ಅಲ್ಲಿಗೆ ಮನೆಯಲ್ಲಿ ಒಂದು ಸಣ್ಣ ಪಂಚಾಯ್ತಿ ಶುರು. ಅಮ್ಮ ಅಡುಗೆಮನೆ ಲೈಟ್ ಅಂತಾರೆ. ಅಪ್ಪ ಟಿವಿ ಅಂತಾರೆ. ನಾವು ವೈಫೈ ರೂಟರ್ ಅಂತೀವಿ. ಕೊನೆಗೆ ಎಲ್ಲರೂ ಒಪ್ಪೋದು ಅಜ್ಜಿ ರೂಮಿನ ಫ್ಯಾನ್‌ಗೆ. ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಪಟ್ಟಿಯಿಂದ ಔಟ್.

ಈಗ ಇದೇ ಕತೆಯನ್ನ ಸ್ವಲ್ಪ ಬದಲಾಯಿಸಿ ನೋಡಿ. ಎಲೆಕ್ಟ್ರಿಷಿಯನ್ ಯಾರನ್ನೂ ಏನೂ ಕೇಳಲೇ ಇಲ್ಲ. ಬಾಗಿಲಿಂದ ಒಳಗೆ ಎಣಿಸ್ಕೊಂಡು ಹೋಗಿ, ಮೊದಲು ಸಿಕ್ಕಿದ ಹತ್ತು ಪಾಯಿಂಟ್‌ಗೆ ಇನ್ವರ್ಟರ್ ಕೊಟ್ಟು ಹೋದ. ಅಜ್ಜಿ ರೂಮ್ ಹಿಂದುಗಡೆ, ಕೊನೇದು. ವರಾಂಡದ ಬಣ್ಣದ ಲೈಟಿಗೆ ಬ್ಯಾಕಪ್ ಇದೆ, ಅಜ್ಜಿ ಫ್ಯಾನಿಗೆ ಇಲ್ಲ. ಕರೆಂಟ್ ಹೋಗೋ ತನಕ ಇದು ಯಾರಿಗೂ ಗೊತ್ತಾಗಲ್ಲ.

ಇಂಥಾ ಮನೆ ಎಲ್ಲೂ ಇರಲ್ಲ ಅಂತೀರಾ? ಮನೆ ಇರಲ್ಲ, ನಿಜ. ಆದ್ರೆ ನಮ್ಮ ಕಾಲೇಜು, ಆಸ್ಪತ್ರೆ, ಆಫೀಸುಗಳ ನೆಟ್‌ವರ್ಕ್ ರೂಮಿನಲ್ಲಿ ಕೂತಿರೋ ದೊಡ್ಡ ಸ್ವಿಚ್ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ಹೀಗೇ ಇದೆ. ಅದನ್ನ ನಾನು ಕಣ್ಣಾರೆ ಕಂಡೆ. ಈ ಸೀರೀಸ್‌ನಲ್ಲಿ ನನ್ನ ವಾದ ಒಂದೇ: ಯಾರನ್ನ ಮೊದಲು ಆಫ್ ಮಾಡಬೇಕು ಅಂತ ನಾವು ಮುಂಚೆಯೇ ಕೂತು ತೀರ್ಮಾನ ಮಾಡದಿದ್ರೆ, ಆ ತೀರ್ಮಾನ ಆಗದೇ ಉಳಿಯಲ್ಲ. ಸೀರಿಯಲ್ ನಂಬರ್ ಅದನ್ನ ಮಾಡುತ್ತೆ.

ಭಾಗ 2/9

ಐದನೇ ಸೆಮ್ ಮುಗಿದ ರಜೆಯಲ್ಲಿ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಸೆಕ್ಷನ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಹೆಸರು ಹೇಳಲ್ಲ, ಕಾಮೆಂಟ್‌ನಲ್ಲಿ ಊಹೆ ಮಾಡೋಕೂ ಹೋಗ್ಬೇಡಿ. ನನ್ನ ಕೆಲಸ ಡಿಸ್ಚಾರ್ಜ್ ಕೌಂಟರ್‌ನಲ್ಲಿ. ಫಾರ್ಮಸಿ, ಲ್ಯಾಬ್, ವಾರ್ಡ್ ಮೂರೂ ಕಡೆಯ ಬಾಕಿ ಸಿಸ್ಟಮ್‌ನಲ್ಲಿ ಕ್ಲಿಯರ್ ಆದ ಮೇಲೆ ಗೇಟ್ ಪಾಸ್ ಪ್ರಿಂಟ್ ಕೊಡೋದು. ಆ ಚೀಟಿ ಇಲ್ಲದೆ ಪೇಷಂಟ್ ಹೊರಗೆ ಹೋಗೋ ಹಾಗಿಲ್ಲ.

ಒಂದು ಸೋಮವಾರ ಮಧ್ಯಾಹ್ನ 2:40ಕ್ಕೆ ನಮ್ಮ ಟೇಬಲ್ ಮೇಲಿದ್ದ ಫೋನ್‌ನ ಡಿಸ್‌ಪ್ಲೇ ಆರಿತು. ಪಕ್ಕದ ಕೌಂಟರ್‌ದೂ ಆರಿತು. ಆಮೇಲೆ ನೋಡಿದ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಸುತ್ತುತ್ತಾ ಕೂತಿದೆ. ಲೈಟ್ ಇದೆ. ಫ್ಯಾನ್ ತಿರುಗ್ತಿದೆ. ಕಂಪ್ಯೂಟರ್ ಆನ್ ಇದೆ. ಯುಪಿಎಸ್ ಬೀಪ್ ಅಂತಾನೂ ಇಲ್ಲ. ಕೌಂಟರ್‌ಗಳು, ಫಾರ್ಮಸಿ ಕಿಟಕಿ, ಎಲ್ಲ ಸೇರಿ ಇಪ್ಪತ್ತು ಕಡೆ ಇದೇ ಗತಿ.

ಸಾಲಿನಲ್ಲಿ ಮೊದಲು ನಿಂತಿದ್ದವರು ಒಬ್ಬ ಅಜ್ಜಿ. ತಾತನ ಆಪರೇಷನ್ ಆಗಿತ್ತು, ಅವತ್ತು ಡಿಸ್ಚಾರ್ಜ್. ಊರಿಗೆ ಹೋಗೋ ಕೊನೆ ಬಸ್ 5:30ಕ್ಕೆ. ನಮ್ಮ ಮೇಡಂ ಹೇಳಿಕೊಟ್ಟ ಹಾಗೆ ನಾನೂ ಹೇಳಿದೆ: "ಸರ್ವರ್ ಡೌನ್ ಅಜ್ಜಿ, ಸ್ವಲ್ಪ ಕಾಯಿರಿ."

ಅಜ್ಜಿ ಕೇಳಿದ್ರು, "ಅವ್ರು ಎಷ್ಟೊತ್ತಿಗೆ ಬತ್ತಾರಪ್ಪ?"

ನಗು ಬರುತ್ತೆ ಅಲ್ವಾ? ನನಗೂ ಒಂದು ಕ್ಷಣ ಬಂತು. 6:10ಕ್ಕೆ ಸಿಸ್ಟಮ್ ವಾಪಸ್ ಬಂದಾಗ ಬಸ್ ಹೋಗಿತ್ತು. ಆ ರಾತ್ರಿ ಹೊಲಿಗೆ ಹಾಕಿಸ್ಕೊಂಡಿದ್ದ ತಾತ, ಅಜ್ಜಿ ಇಬ್ಬರೂ ಆಸ್ಪತ್ರೆ ಕಾರಿಡಾರ್ ಬೆಂಚಿನ ಮೇಲೆ ಮಲಗಿದ್ರು. ಬೆಡ್ ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

ಸರ್ವರ್ ಡೌನ್ ಆಗಿರಲೇ ಇಲ್ಲ. ನಾನು ಹೇಳಿದ್ದು ಸುಳ್ಳು, ಗೊತ್ತಿಲ್ಲದೆ ಹೇಳಿದ ಸುಳ್ಳು.

ಭಾಗ 3/9

ಹಾಗಾದ್ರೆ ಆಗಿದ್ದೇನು?

ನೆಟ್‌ವರ್ಕ್ ನೋಡ್ಕೊಳ್ಳೋ ಅಣ್ಣ ಬೇರೆ ಊರಿಂದ ಬರಬೇಕಿತ್ತು. ಬರೋಕೆ ಮೂರೂಕಾಲು ಗಂಟೆ ಹಿಡೀತು. ಸರಿ ಮಾಡೋಕೆ ಹಿಡಿದಿದ್ದು ಹತ್ತೇ ನಿಮಿಷ. ಅವರು ವಾಪಸ್ ಹೊರಡೋ ಮುಂಚೆ ಟೀ ಕುಡಿಸಿ ಕೇಳ್ಕೊಂಡೆ. ಆಮೇಲೆ ಎರಡು ವಾರ ಕೂತು ಓದಿದೆ. ಓದಿದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ಮನೆಯ ರೂಟರ್ ಹಿಂದೆ ನಾಲ್ಕು ಕೇಬಲ್ ತೂತು ಇರುತ್ತಲ್ಲ, ಅದೇ ಜಾತಿಯ ದೊಡ್ಡಣ್ಣ ಸ್ವಿಚ್. ಒಂದು ಬಿಲ್ಡಿಂಗಿನ ಕಂಪ್ಯೂಟರ್, ಫೋನ್, ಕ್ಯಾಮೆರಾ ಎಲ್ಲವನ್ನೂ ಒಂದಕ್ಕೊಂದು ಜೋಡಿಸೋದು ಅದರ ಕೆಲಸ. ಸಣ್ಣ ಸ್ವಿಚ್ ಒಂದೇ ಡಬ್ಬಿ. ದೊಡ್ಡ ಜಾಗಕ್ಕೆ ಮಾಡ್ಯುಲರ್ ಸ್ವಿಚ್. ಅದು ಪುಸ್ತಕದ ಕಪಾಟಿನ ಹಾಗೆ. ಖಾಲಿ ಕಪಾಟು ತಗೊಂಡು, ಬೇಕಾದ ಹಾಗೆ ಕಾರ್ಡ್‌ಗಳನ್ನ ಸ್ಲಾಟ್‌ಗೆ ತಳ್ಳೋದು. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 6500 ಅನ್ನೋದು ಈ ಜಾತಿಯಲ್ಲಿ ತುಂಬಾ ಹೆಸರು ಮಾಡಿದ್ದು. ಬಂದಿದ್ದು 1999ರಲ್ಲಿ, 3 ಸ್ಲಾಟಿಂದ 13 ಸ್ಲಾಟ್ ತನಕ ಸೈಜುಗಳಿದ್ವು. ನಾನು ಕೆಲಸ ಮಾಡಿದ ಕಡೆ ಯಾವ ಕಂಪನಿಯದಿತ್ತು ಅಂತ ಹೇಳಲ್ಲ, ತಪ್ಪು ಪೆಟ್ಟಿಗೆಯದ್ದಲ್ಲ. ಅರ್ಥ ಮಾಡ್ಕೊಳ್ಳೋಕೆ 6500 ಒಳ್ಳೆ ಉದಾಹರಣೆ ಅಷ್ಟೆ.

ಒಳಗೆ ಏನೇನಿರುತ್ತೆ?

ಒಂದು, ಸೂಪರ್‌ವೈಸರ್ ಕಾರ್ಡ್. ಇದು ತಲೆ. ಎಲ್ಲ ತೀರ್ಮಾನ ಇಲ್ಲೇ.

ಎರಡು, ಲೈನ್ ಕಾರ್ಡ್‌ಗಳು. ಸಾಮಾನ್ಯವಾಗಿ ಒಂದರಲ್ಲಿ 48 ಪೋರ್ಟ್. ಕೇಬಲ್ ಚುಚ್ಚೋದು ಇದಕ್ಕೆ.

ಮೂರು, ಫ್ಯಾನ್ ಟ್ರೇ. ಒಳಗಿನ ಬಿಸಿಗಾಳಿ ಹೊರಗೆ ತಳ್ಳೋಕೆ.

ನಾಲ್ಕು, ಪವರ್ ಸಪ್ಲೈ. 6500ರಲ್ಲಿ ಎರಡು ಹಾಕಬಹುದು. ಮಿಕ್ಕ ಎಲ್ಲರ ಊಟ ಈ ಎರಡು ಒಲೆಯಿಂದಲೇ.

ಇನ್ನೊಂದು ವಿಷಯ. ಆಫೀಸಿನ ಐಪಿ ಫೋನ್, ಛಾವಣಿಯ ವೈಫೈ ಡಬ್ಬಿ, ಸಿಸಿ ಕ್ಯಾಮೆರಾ ಇವಕ್ಕೆ ಸಾಮಾನ್ಯವಾಗಿ ಬೇರೆ ಪ್ಲಗ್ ಇರಲ್ಲ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಬರುತ್ತೆ. ಇದಕ್ಕೆ ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ ಅಂತಾರೆ. ಅಂದ್ರೆ ಸ್ವಿಚ್ ತನ್ನ ಹೊಟ್ಟೆಗಷ್ಟೇ ಅಲ್ಲ, ಊರ ತುಂಬ ಇರೋ ಮಕ್ಕಳಿಗೂ ಊಟ ಹಾಕಬೇಕು.

ಭಾಗ 4/9

ಇಲ್ಲಿಂದ ನಮ್ಮ ಸಬ್ಜೆಕ್ಟ್ ಶುರು, ಕಾಮರ್ಸ್‌ನವರು ಎದ್ದು ಕೂತ್ಕೊಳ್ಳಿ. ಯಾಕಂದ್ರೆ ಸ್ವಿಚ್ ಒಳಗೆ ನಡೆಯೋದು ಪಕ್ಕಾ ಬಜೆಟಿಂಗ್.

ಸ್ವಿಚ್ ಖರ್ಚಾದ ಮೇಲೆ ಲೆಕ್ಕ ಬರೆಯಲ್ಲ. ಮೊದಲೇ ಕಾಯ್ದಿರಿಸುತ್ತೆ. ಒಂದು ಲೈನ್ ಕಾರ್ಡ್ ಒಳಗೆ ತಳ್ಳಿದ ತಕ್ಷಣ, "ನನಗೆ ಗರಿಷ್ಠ ಇಷ್ಟು ಬೇಕಾಗಬಹುದು" ಅಂತ ಕಾರ್ಡ್ ಹೇಳುತ್ತೆ. ಸೂಪರ್‌ವೈಸರ್ ಅಷ್ಟನ್ನ ಬಜೆಟ್‌ನಿಂದ ತೆಗೆದಿಡುತ್ತೆ. ಕಾರ್ಡ್ ಅದನ್ನ ಪೂರ್ತಿ ಬಳಸಲಿ ಬಿಡಲಿ.

ಫೋನುಗಳಿಗೂ ಹಾಗೇ. 2003ರಲ್ಲಿ ಬಂದ ಐಇಇಇ 802.3ಎಎಫ್ ಅನ್ನೋ ನಿಯಮದ ಪ್ರಕಾರ ಒಂದು ಪೋರ್ಟ್ ಗರಿಷ್ಠ 15.4 ವಾಟ್ ಕೊಡಬಹುದು. 2009ರ 802.3ಎಟಿಯಲ್ಲಿ ಅದು 30 ವಾಟ್ ಆಯ್ತು. 2018ರ 802.3ಬಿಟಿಯಲ್ಲಿ 90 ವಾಟ್ ತನಕ ಹೋಯ್ತು. 48 ಪೋರ್ಟಿನ ಒಂದು ಕಾರ್ಡಿಗೆ ತಲಾ 15.4 ಅಂದ್ರೂ 739.2 ವಾಟ್. ತಲಾ 30 ಅಂದ್ರೆ 1,440 ವಾಟ್. ಒಂದೇ ಕಾರ್ಡಿಗೆ!

ಫೋನ್ ಸಿಗಿಸಿದಾಗ ತಾನು ಯಾವ ಕ್ಲಾಸಿನವನು ಅಂತ ಹೇಳುತ್ತೆ. ಕ್ಲಾಸ್ 1 ಅಂದ್ರೆ 4 ವಾಟ್ ತೆಗೆದಿಟ್ಟರೆ ಸಾಕು. ಕ್ಲಾಸ್ 2 ಅಂದ್ರೆ 7 ವಾಟ್. ಕ್ಲಾಸ್ 3 ಅಂದ್ರೆ 15.4 ವಾಟ್. ಏನೂ ಹೇಳದೆ ಸುಮ್ಮನಿದ್ರೆ ಅದು ಕ್ಲಾಸ್ 0. ಅದಕ್ಕೆಷ್ಟು ಗೊತ್ತಾ? ಅದಕ್ಕೂ 15.4. ಮದುವೆಗೆ ಬರ್ತೀವೋ ಇಲ್ಲವೋ ಹೇಳದ ನೆಂಟರಿಗೂ ಎಲೆ ಹಾಕಲೇಬೇಕಲ್ಲ, ಹಾಗೆ.

ಅಂದಾಜು ತಪ್ಪಲ್ಲ. ಎಲ್ಲರೂ ಒಟ್ಟಿಗೆ ಪೂರ್ತಿ ಬಳಸಿಬಿಟ್ಟರೆ ಇಡೀ ಪೆಟ್ಟಿಗೆಯೇ ಬೀಳಬಹುದು. ಅದಕ್ಕೆ ಹೆದರಿ ಮೊದಲೇ ತೆಗೆದಿಡೋದು ಜಾಣತನವೇ. ಆದ್ರೆ ಅಂದಾಜನ್ನ ಯಾರೂ ಮತ್ತೆ ತೆರೆದು ನೋಡದಿದ್ರೆ, ಕಾಗದದ ಮೇಲೆ ಕೊರತೆ, ನಿಜದಲ್ಲಿ ಮಿಗತೆ. ಇದು ಅವತ್ತು ಹೇಗೆ ಕಚ್ಚಿತು ಅಂತ ಮುಂದಿನ ಭಾಗದಲ್ಲಿ.

ಭಾಗ 5/9

ಒಂದು ಲೆಕ್ಕ ಮಾಡೋಣ. ಸುಲಭಕ್ಕೆ ನಾನೇ ಹಾಕಿದ ಅಂಕಿ ಇವು, ನಿಜವಾದ ಪೆಟ್ಟಿಗೆಯಲ್ಲಿ ಬೇರೆ ಇರುತ್ತೆ.

ಸೂಪರ್‌ವೈಸರ್ 340 ವಾಟ್.
ಫ್ಯಾನ್ ಟ್ರೇ 220 ವಾಟ್.
ನಾಲ್ಕು ಲೈನ್ ಕಾರ್ಡ್, ತಲಾ 300, ಒಟ್ಟು 1,200 ವಾಟ್.
ನೂರು ಫೋನು ಮತ್ತು ವೈಫೈ ಡಬ್ಬಿ, ತಲಾ 15.4, ಒಟ್ಟು 1,540 ವಾಟ್.
ಎಲ್ಲ ಸೇರಿ 3,300 ವಾಟ್.

ಪವರ್ ಸಪ್ಲೈ ಎರಡು, ಒಂದೊಂದರ ಶಕ್ತಿ 3,000 ವಾಟ್.

ಈಗ ಎರಡು ದಾರಿ. ಮೊದಲನೇದು ರಿಡಂಡೆಂಟ್ ಮೋಡ್. ಎರಡು ಒಲೆ ಇದ್ರೂ ಒಂದು ಒಲೆಯಲ್ಲಿ ಬೇಯುವಷ್ಟೇ ಅಡುಗೆಗೆ ಒಪ್ಪೋದು. ಒಂದು ಕೆಟ್ಟರೂ ಯಾರಿಗೂ ಊಟ ತಪ್ಪಲ್ಲ. ಆದ್ರೆ 3,000ದ ಮೇಲೆ ಒಂದು ವಾಟ್ ಕೇಳಿದ್ರೂ ಸ್ವಿಚ್ "ಇಲ್ಲ" ಅನ್ನುತ್ತೆ. ಹೊಸ ಫೋನ್ ಸಿಗಿಸಿದ್ರೆ ಹತ್ತಲ್ಲ.

ಎರಡನೇದು ಕಂಬೈನ್ಡ್ ಮೋಡ್. ಎರಡೂ ಒಲೆಯ ಶಕ್ತಿ ಕೂಡಿಸಿ ಹಂಚೋದು. 3,300 ಆರಾಮಾಗಿ ಸಿಗುತ್ತೆ. ಆದ್ರೆ ಒಂದು ಒಲೆ ಕೆಟ್ಟ ದಿನ 300 ವಾಟ್ ಕೊರತೆ.

ಆ ಆಸ್ಪತ್ರೆಯಲ್ಲಿ ಆಗಿದ್ದು ಇದೇ. ಹಿಂದೆ ಹೊಸ ಬ್ಲಾಕ್ ಕಟ್ಟಿದಾಗ ಹೊಸ ಕೌಂಟರ್‌ಗಳು ಬಂದ್ವು. ಹೊಸ ಫೋನ್‌ಗಳು ಹತ್ತಲಿಲ್ಲ. ಇನ್ಸ್ಟಾಲ್ ಮಾಡೋಕೆ ಬಂದವರು ಮೋಡ್ ಬದಲಾಯಿಸಿದ್ರು. ಫೋನ್ ಹತ್ತಿತು. ಎಲ್ಲರಿಗೂ ಖುಷಿ, ಬಿಲ್ ಪಾಸ್. ಅವತ್ತಿಂದ ಬ್ಯಾಕಪ್ ಹೋಗಿದೆ ಅನ್ನೋದು ಯಾವ ಫೈಲಲ್ಲೂ ಬರೆದಿರಲಿಲ್ಲ. ಪೆಟ್ಟಿಗೆ ನೋಡಿದವರಿಗೆ ಎರಡು ಪವರ್ ಸಪ್ಲೈ, ಎರಡು ಹಸಿರು ದೀಪ. "ಡಬಲ್ ಇದೆ, ಭಯ ಇಲ್ಲ" ಅಂದ್ಕೊಂಡಿದ್ರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಸರ್ವ್ ದುಡ್ಡನ್ನ ತೆಗೆದು ದಿನದ ಖರ್ಚಿಗೆ ಹಾಕ್ಕೊಂಡು, ಬ್ಯಾಲೆನ್ಸ್ ಶೀಟಲ್ಲಿ ಇನ್ನೂ ರಿಸರ್ವ್ ಅಂತಲೇ ತೋರಿಸಿದ ಹಾಗೆ. ಆಡಿಟರ್ ಇದ್ದಿದ್ರೆ ಹಿಡೀತಿದ್ರು. ಸ್ವಿಚ್‌ಗೆ ಆಡಿಟರ್ ಇಲ್ಲ.

ಆ ಸೋಮವಾರ ಒಂದು ಸಪ್ಲೈ ಸುಟ್ಟಿತು.

ಭಾಗ 6/9

ಈಗ 300 ವಾಟ್ ಉಳಿಸಬೇಕು. ಯಾರನ್ನ ಆಫ್ ಮಾಡೋದು? ಸ್ವಿಚ್ ತನ್ನೊಳಗೇ ಲೋಡ್ ಶೆಡ್ಡಿಂಗ್ ಶುರು ಮಾಡುತ್ತೆ.

ಕ್ಯಾಟಲಿಸ್ಟ್ 6500ರ ಕ್ರಮ ಹೀಗೆ. ಮೊದಲು ಕೈ ಹಾಕೋದು ಕೇಬಲ್‌ನಲ್ಲಿ ಕರೆಂಟ್ ತಗೊಳ್ಳೋ ಫೋನು, ಡಬ್ಬಿಗಳಿಗೆ. ಅದರಲ್ಲಿ ಯಾರಿಂದ? ಅತಿ ದೊಡ್ಡ ನಂಬರಿನ ಸ್ಲಾಟ್, ಅದರಲ್ಲಿ ಅತಿ ದೊಡ್ಡ ನಂಬರಿನ ಪೋರ್ಟ್. ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬರುತ್ತೆ. ಅಷ್ಟರಲ್ಲೂ ಸಾಲದಿದ್ರೆ ಆಮೇಲೆ ಲೈನ್ ಕಾರ್ಡ್‌ಗಳು, ಅದೂ ದೊಡ್ಡ ನಂಬರಿನ ಸ್ಲಾಟಿಂದಲೇ. ಸೂಪರ್‌ವೈಸರ್ ಇರೋ ಸ್ಲಾಟ್, ಕಾರ್ಡ್‌ಗಳ ನಡುವೆ ದಾರಿ ಮಾಡಿಕೊಡೋ ಫ್ಯಾಬ್ರಿಕ್ ಕಾರ್ಡಿನ ಸ್ಲಾಟ್, ಇವೆರಡನ್ನ ಮುಟ್ಟಲ್ಲ. ದಾಟ್ಕೊಂಡು ಹೋಗುತ್ತೆ.

ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. 300 ವಾಟ್ ಬೇಕು, ಒಂದು ಫೋನ್ ತೆಗೆದ್ರೆ 15.4 ಉಳಿಯುತ್ತೆ. 19 ಸಾಲದು, 20 ಬೇಕು. ಕೊನೆ ಸ್ಲಾಟ್, 48ನೇ ಪೋರ್ಟಿಂದ 29ನೇ ಪೋರ್ಟ್ ತನಕ ಆಫ್. ಬಜೆಟ್ 2,992ಕ್ಕೆ ಇಳೀತು. ಸ್ವಿಚ್ ನೆಮ್ಮದಿಯಾಗಿ ಉಸಿರು ಬಿಡ್ತು.

ಕೊನೆ ಸ್ಲಾಟಲ್ಲಿ ಯಾರಿದ್ರು? ಕೊನೆಗೆ ಬಂದವರು. ಹೊಸ ಬ್ಲಾಕ್‌ನ ಡಿಸ್ಚಾರ್ಜ್ ಕೌಂಟರ್, ಫಾರ್ಮಸಿ ಕಿಟಕಿ. ಅಂದ್ರೆ ನಾವು.

"ಆಫ್ ಆಗಿದ್ದು ಫೋನ್ ತಾನೇ, ಕಂಪ್ಯೂಟರ್‌ಗೆ ಏನಾಯ್ತು?" ಅಂತ ಕೇಳ್ತೀರಾ? ಒಳ್ಳೆ ಪ್ರಶ್ನೆ. ಐಪಿ ಫೋನ್ ಹಿಂದೆ ಎರಡು ತೂತು ಇರುತ್ತೆ. ಗೋಡೆಯಿಂದ ಬಂದ ಕೇಬಲ್ ಒಂದಕ್ಕೆ, ಇನ್ನೊಂದರಿಂದ ಕಂಪ್ಯೂಟರ್‌ಗೆ. ಟೇಬಲ್‌ಗೆ ಒಂದೇ ಕೇಬಲ್ ಎಳೆದ್ರೆ ಸಾಕು, ಖರ್ಚು ಉಳೀತು ಅಂತ ಎಷ್ಟೋ ಆಫೀಸಲ್ಲಿ ಹೀಗೇ ಮಾಡ್ತಾರೆ. ಫೋನ್ ಸತ್ತರೆ ಅದರ ಬೆನ್ನ ಹಿಂದಿನ ಕಂಪ್ಯೂಟರ್‌ಗೂ ನೆಟ್‌ವರ್ಕ್ ಇಲ್ಲ. ಅದಕ್ಕೇ ಮೊದಲು ಫೋನ್ ಆರಿತು, ಆಮೇಲೆ ಬಿಲ್ಲಿಂಗ್ ನಿಂತಿತು.

ಅದೇ ಹೊತ್ತಲ್ಲಿ ಮೊದಲನೇ ಮಹಡಿಯ ಖಾಲಿ ಮೀಟಿಂಗ್ ಹಾಲ್‌ನ ಫೋನುಗಳು, ವೈಫೈ ಡಬ್ಬಿಗಳು ಜುಮ್ಮಂತ ಹತ್ತಿಕೊಂಡಿದ್ವು. ಅವು ಬಿಲ್ಡಿಂಗ್ ಓಪನಿಂಗ್ ದಿನ ಹಾಕಿದವು. ಮೊದಲ ಸ್ಲಾಟ್. ಅವತ್ತು ಆ ಹಾಲಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಇದನ್ನ ಯಾರೋ ಕೆಟ್ಟವರು ಕೂತು ಮಾಡಿದ್ದಲ್ಲ. ಯಾರೂ ಕೂರಲೇ ಇಲ್ಲ, ಅದೇ ತೊಂದರೆ.

ಭಾಗ 7/9

ಈಗ ಒಂದು ನ್ಯಾಯದ ಮಾತು. ಸ್ವಿಚ್ ಮಾಡಿದ ಇಂಜಿನಿಯರ್‌ಗಳು ಒಂದು ವಿಷಯ ತುಂಬಾ ಸರಿಯಾಗಿ ಮಾಡಿದ್ದಾರೆ. ಸೂಪರ್‌ವೈಸರ್‌ನ ಮುಟ್ಟಬೇಡಿ ಅಂದ್ರು. ಫ್ಯಾನಿನ ಪಾಲು ಮೊದಲೇ ತೆಗೆದಿಡಿ ಅಂದ್ರು. ಇದು ದೊಡ್ಡವರಿಗೆ ಮೊದಲ ಪಂಕ್ತಿ ಅನ್ನೋ ಲೆಕ್ಕ ಅಲ್ಲ. ಫ್ಯಾನ್ ಏನು ದೊಡ್ಡ ಮನುಷ್ಯನಾ? ಪೆಟ್ಟಿಗೆಯಲ್ಲಿ ಅತಿ ಸಾಮಾನ್ಯ ವಸ್ತು ಅದು. ಆದ್ರೆ ಅದು ನಿಂತ್ರೆ ಬಿಸಿ ಏರಿ ಎಲ್ಲರೂ ನಿಲ್ಲಬೇಕಾಗುತ್ತೆ. ಯಾರ ಮೇಲೆ ಹೆಚ್ಚು ಜನ ನಿಂತಿದ್ದಾರೋ ಅವರಿಗೆ ಮೊದಲು. ಇದು ಸ್ಥಾನಮಾನ ನೋಡಿ ಕೊಟ್ಟ ಆದ್ಯತೆ ಅಲ್ಲ, ಅವಲಂಬನೆ ನೋಡಿ ಕೊಟ್ಟಿದ್ದು.

ಕಾರ್ಪೊರೇಟ್ ಲಾ ಓದಿದವರಿಗೆ ಇದು ಗೊತ್ತಿರೋ ವಿಷಯವೇ. 2016ರ ದಿವಾಳಿ ಸಂಹಿತೆಯ ಸೆಕ್ಷನ್ 53 ತೆಗೆಯಿರಿ. ಕಂಪನಿ ಮುಳುಗಿ ಲಿಕ್ವಿಡೇಷನ್‌ಗೆ ಬಂದಾಗ, ಇರೋ ದುಡ್ಡು ಎಲ್ಲರಿಗೂ ಸಾಲಲ್ಲ. ಯಾರಿಗೆ ಮೊದಲು? ಪ್ರಕ್ರಿಯೆ ನಡೆಸೋ ಖರ್ಚಿಗೆ ಮೊದಲು. ಅದು ನಿಂತ್ರೆ ಹಂಚೋರೇ ಇರಲ್ಲ. ಅದೇ ಇಲ್ಲಿಯ ಸೂಪರ್‌ವೈಸರ್, ಫ್ಯಾನ್. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದರ ಸಮಸಮಕ್ಕೆ ತಮ್ಮ ಅಡಮಾನವನ್ನ ಲಿಕ್ವಿಡೇಷನ್‌ಗೆ ಬಿಟ್ಟುಕೊಟ್ಟ ಸೆಕ್ಯೂರ್ಡ್ ಸಾಲಗಾರರು. ಆಮೇಲೆ ಮಿಕ್ಕ ನೌಕರರ 12 ತಿಂಗಳ ಸಂಬಳ. ಹೀಗೆ ಇಳೀತಾ ಇಳೀತಾ ಕೊನೆಗೆ ಈಕ್ವಿಟಿ ಷೇರುದಾರರು. ಈ ಕ್ರಮ ಸರಿಯೋ ತಪ್ಪೋ ಅಂತ ನೀವು ಜಗಳ ಆಡಬಹುದು, ಆಡ್ತಾನೂ ಇದ್ದಾರೆ. ಆದ್ರೆ ಕ್ರಮ ಅಂತ ಒಂದು ಬರೆದಿದೆ, ಕಾರಣ ಇದೆ, ಎಲ್ಲರಿಗೂ ಕಾಣುತ್ತೆ. "ಯಾರ ಹೆಸರು ರಿಜಿಸ್ಟರ್‌ನಲ್ಲಿ ಕೊನೆಗೆ ಬಂತೋ ಅವರಿಗೆ ಇಲ್ಲ" ಅಂತ ಕಾನೂನು ಹೇಳಿದ್ರೆ ನಾವು ಸುಮ್ಮನಿರ್ತಿದ್ವಾ?

ಕಾಸ್ಟಿಂಗ್‌ನಲ್ಲೂ ಅಷ್ಟೇ. ಕೀ ಫ್ಯಾಕ್ಟರ್ ಚಾಪ್ಟರ್ ನೆನಪು ಮಾಡ್ಕೊಳ್ಳಿ. ಮಷೀನ್ ಅವರ್ ಕಮ್ಮಿ ಇದ್ರೆ, ಪ್ರಾಡಕ್ಟ್ ಎ, ಬಿ, ಸಿ ಅಂತ ಅಕ್ಷರದ ಕ್ರಮದಲ್ಲಿ ಮಾಡ್ತೀವಾ? ಒಂದು ಗಂಟೆಗೆ ಯಾವುದು ಹೆಚ್ಚು ಕಾಂಟ್ರಿಬ್ಯೂಷನ್ ಕೊಡುತ್ತೋ ಅದಕ್ಕೆ ಮೊದಲ ರ‍್ಯಾಂಕ್. ಇಲ್ಲಿ ಕೀ ಫ್ಯಾಕ್ಟರ್ ವಾಟ್. ಕೇಳಬೇಕಾದ ಪ್ರಶ್ನೆ: ಈ 15.4 ವಾಟ್ ಆಫ್ ಆದ್ರೆ ಎಷ್ಟು ಜನ, ಎಷ್ಟು ಹೊತ್ತು, ಏನಕ್ಕೆ ಕಾಯಬೇಕು?

ಭಾಗ 8/9

"ಸರಿ, ಸ್ವಿಚ್‌ಗೆ ಇದನ್ನ ಹೇಳೋಕೆ ಆಗುತ್ತಾ?" ಆಗುತ್ತೆ. ಅದಕ್ಕೇ ನನಗೆ ಸಿಟ್ಟು.

ಎಚ್‌ಪಿ ಪ್ರೊಕರ್ವ್ 5400 ತರದ ಸ್ವಿಚ್‌ಗಳಲ್ಲಿ ಪ್ರತಿ ಪೋರ್ಟಿಗೂ ಮೂರು ದರ್ಜೆ ಕೊಡಬಹುದು: ಕ್ರಿಟಿಕಲ್, ಹೈ, ಲೋ. ಡಬ್ಬ ತೆಗೆದ ದಿನ ಎಲ್ಲ ಪೋರ್ಟೂ ಲೋ. ಒಂದೇ ದರ್ಜೆಯಲ್ಲಿ ಜಗಳ ಬಂದ್ರೆ ಸಣ್ಣ ನಂಬರಿನ ಪೋರ್ಟ್ ಗೆಲ್ಲುತ್ತೆ. ಅಂದ್ರೆ ಎಲ್ಲರೂ ಸಮಾನ ಅಂತ ಬಿಟ್ಟುಬಿಟ್ರೆ ಸಮಾನತೆ ಬರಲ್ಲ, ನಂಬರ್ ಆಳುತ್ತೆ. ಸಿಸ್ಕೋದ ಹೊಸ ಕ್ಯಾಟಲಿಸ್ಟ್ 9400ರಲ್ಲಿ ಕೊರತೆ ಬಂದಾಗ ಯಾವ ಸ್ಲಾಟಿನ ಲೈನ್ ಕಾರ್ಡ್ ಮೊದಲು ಆರಬೇಕು ಅಂತ ನಾವೇ ಕ್ರಮ ಬರೆದುಕೊಡಬಹುದು. ಪೋರ್ಟಿಗೆ ಇಷ್ಟೇ ವಾಟ್ ಅಂತ ಮಿತಿ ಹಾಕೋ ಸೌಲಭ್ಯವೂ ಇಂಥ ಸ್ವಿಚ್‌ಗಳಲ್ಲಿ ಇದೆ.

ಆ ಕೊನೇದು ಮುಖ್ಯ. ನಮ್ಮ ಲೆಕ್ಕಕ್ಕೆ ವಾಪಸ್ ಬನ್ನಿ. ಆ ನೂರೂ ಸಾಧನಗಳಿಗೆ 7 ವಾಟ್ ಸಾಕು ಅಂತ ಇಟ್ಕೊಳ್ಳಿ. ಆಗ 1,540ರ ಬದಲು 700. ಒಟ್ಟು 2,460. ಒಂದೇ ಪವರ್ ಸಪ್ಲೈಯಲ್ಲಿ ಎಲ್ಲರೂ ಉಣ್ಣಬಹುದಿತ್ತು! ಯಾರನ್ನೂ ಆಫ್ ಮಾಡೋ ಅಗತ್ಯವೇ ಇರಲಿಲ್ಲ. ನೆಟ್‌ವರ್ಕ್ ಅಣ್ಣ ಆ ಹತ್ತು ನಿಮಿಷದಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಮೀಟಿಂಗ್ ಹಾಲ್‌ನ ಪೋರ್ಟ್‌ಗಳನ್ನ ಆಫ್ ಮಾಡಿದ್ರು, ಕೌಂಟರ್ ಫೋನ್‌ಗಳಿಗೆ ಮಿತಿ ಹಾಕಿದ್ರು. ಮುಗೀತು.

ಎರಡು ಆಕ್ಷೇಪ ಬರುತ್ತೆ, ನಾನೇ ಹೇಳ್ತೀನಿ.

ಒಂದು: "ಆದ್ಯತೆ ಕೊಡೋಕೆ ಶುರು ಮಾಡಿದ್ರೆ ಎಲ್ಲ ಸಾಹೇಬ್ರೂ ತಮ್ಮ ರೂಮ್ ಕ್ರಿಟಿಕಲ್ ಅಂತಾರೆ. ಅದಕ್ಕಿಂತ ನಂಬರೇ ವಾಸಿ, ಅದಕ್ಕೆ ಪಕ್ಷಪಾತ ಇಲ್ಲ." ಅರ್ಧ ನಿಜ. ಸಾಹೇಬ್ರು ಕೇಳೇ ಕೇಳ್ತಾರೆ. ಅದಕ್ಕೆ ಎರಡು ಕಟ್ಟಳೆ ಹಾಕಿ. ಕ್ರಿಟಿಕಲ್ ಅಂತ ಬರೆದ ಪ್ರತಿಯೊಂದರ ಮುಂದೆ ಒಂದು ಸಾಲು ಕಾರಣ ಇರಬೇಕು. ಕ್ರಿಟಿಕಲ್ ಆದ ಎಲ್ಲದರ ಮೊತ್ತ, ಸೂಪರ್‌ವೈಸರ್, ಫ್ಯಾನ್, ಕಾರ್ಡ್ ಸೇರಿ, ಒಂದೇ ಪವರ್ ಸಪ್ಲೈಯೊಳಗೆ ಹಿಡಿಯಬೇಕು. ಹಿಡೀದಿದ್ರೆ ಪಟ್ಟಿ ಸುಳ್ಳು. ಇನ್ನು ನಂಬರಿಗೆ ಪಕ್ಷಪಾತ ಇಲ್ಲ ಅನ್ನೋದು ಪೂರ್ತಿ ಸುಳ್ಳು. ಮೊದಲು ಬಂದವರ ಪರ ಅದು. ಮೊದಲು ಬರೋರು ಯಾರು ಅಂತ ನಿಮಗೇ ಗೊತ್ತು.

ಎರಡು: "ದುಡ್ಡು ಹಾಕಿ ದೊಡ್ಡ ಪವರ್ ಸಪ್ಲೈ ತಗೊಂಡ್ರೆ ಆಯ್ತಲ್ಲ?" ತಗೊಳ್ಳಿ, ಒಳ್ಳೇದೇ. ಆದ್ರೆ ಜಾಗ ಇದ್ದಷ್ಟೂ ತುಂಬ್ಕೊಳ್ಳೋದು ನಮ್ಮ ಅಭ್ಯಾಸ. ಎರಡು ವರ್ಷಕ್ಕೆ ಮತ್ತೆ ಅದೇ ಮೋಡ್, ಅದೇ ಕತೆ. ಅದೂ ಅಲ್ಲದೆ ಎರಡು ಸಪ್ಲೈನ ಒಂದೇ ಯುಪಿಎಸ್‌ಗೆ ಸಿಗಿಸಿಟ್ರೆ ಅದು ಎರಡಲ್ಲ, ಒಂದೇ.

ಭಾಗ 9/9

ಕೊನೇದಾಗಿ, ನಿಮಗೆ ಒಂದು ಕೆಲಸ.

"ನಾನು ಬಿಕಾಂ, ನನಗ್ಯಾಕೆ ಸ್ವಿಚ್ ವಿಷಯ" ಅನ್ಬೇಡಿ. ನಾಳೆ ನಾವೇ ಅಕೌಂಟ್ಸ್ ಆಫೀಸಲ್ಲಿ ಕೂತು ಆ ಹೊಸ ಲೈನ್ ಕಾರ್ಡಿನ ಬಿಲ್ ಪಾಸ್ ಮಾಡೋರು. ಕೇಬಲ್ ಉಳಿಸೋಕೆ ಫೋನ್ ಹಿಂದೆ ಕಂಪ್ಯೂಟರ್ ಸಿಗಿಸಿ ಅಂತ ಕಾಸ್ಟ್ ಕಟಿಂಗ್ ಶೀಟ್ ಬರೆಯೋರೂ ನಾವೇ. ಇಂಜಿನಿಯರ್‌ಗೆ ಕಮಾಂಡ್ ಗೊತ್ತು. ಯಾವ ಕೌಂಟರ್ ನಿಂತ್ರೆ ಯಾರ ಬಸ್ ತಪ್ಪುತ್ತೆ ಅನ್ನೋದು ಕೌಂಟರಲ್ಲಿ ಕೂತವರಿಗೆ ಮಾತ್ರ ಗೊತ್ತು. ಈ ಇಬ್ಬರೂ ಒಂದು ಟೇಬಲ್‌ನಲ್ಲಿ ಕೂರದ ತನಕ ಪಟ್ಟಿ ಆಗಲ್ಲ.

ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಸೇರಿದಾಗ ನೆಟ್‌ವರ್ಕ್ ನೋಡ್ಕೊಳ್ಳೋರನ್ನ ಹುಡುಕಿ ಮೂರು ಪ್ರಶ್ನೆ ಕೇಳಿ:

1. ನಮ್ಮ ಸ್ವಿಚ್ ರಿಡಂಡೆಂಟ್ ಮೋಡಲ್ಲಿದೆಯಾ, ಕಂಬೈನ್ಡ್ ಮೋಡಲ್ಲಿದೆಯಾ?
2. ಒಂದು ಪವರ್ ಸಪ್ಲೈ ಹೋದ್ರೆ ಮೊದಲು ಆರೋದು ಯಾವ ಟೇಬಲ್?
3. ಆ ಕ್ರಮ ಯಾರು ಬರೆದಿದ್ದು? ಎಲ್ಲಿ ಬರೆದಿದೆ?

ಮೂರನೇ ಪ್ರಶ್ನೆಗೆ "ಡೀಫಾಲ್ಟ್ ಅದು" ಅನ್ನೋ ಉತ್ತರ ಬಂದ್ರೆ ಸುಮ್ಮನೆ ಎದ್ದು ಬರಬೇಡಿ. ಡೀಫಾಲ್ಟ್ ಅಂದ್ರೆ ನಮ್ಮ ಕೌಂಟರ್ ನೋಡದೆ, ನಮ್ಮ ಊರಿನ ಬಸ್ ಟೈಮ್ ಗೊತ್ತಿಲ್ಲದೆ, ಎಲ್ಲೋ ಕೂತವರು ಯಾರಿಗೂ ತೊಂದರೆ ಆಗದಿರಲಿ ಅಂತ ಹಾಕಿಟ್ಟ ತಾತ್ಕಾಲಿಕ ಕ್ರಮ. ಅವರು ನಮಗೆ ಬದಲಾಯಿಸೋ ಅವಕಾಶ ಕೊಟ್ಟೇ ಕಳಿಸಿದ್ದಾರೆ. ಬದಲಾಯಿಸದೇ ಇರೋದು ನಾವು.

ಇಂಟರ್ನ್‌ಶಿಪ್ ರಿಪೋರ್ಟಲ್ಲಿ ಇದನ್ನ ಎರಡು ಪುಟ ಬರೆದೆ. ಗೈಡ್ ಸರ್ "ಇದು ಸಿಲಬಸ್ ಹೊರಗಿನದು" ಅಂತ ಗೆರೆ ಹಾಕಿದ್ರು. ಬಿಲ್ಲಿಂಗ್ ಮೇಡಂ ಮಾತ್ರ ಆ ಎರಡು ಪುಟ ಜೆರಾಕ್ಸ್ ಮಾಡಿಸ್ಕೊಂಡು ಅಡ್ಮಿನ್ ಆಫೀಸಿಗೆ ಕೊಟ್ರು. ಅವರೇನು ಮಾಡಿದ್ರು ಅಂತ ಇನ್ನೂ ತಿಳಿದಿಲ್ಲ. ಫೋನ್ ಮಾಡಿ ಕೇಳ್ತಾ ಇದ್ದೀನಿ.

ಆ ಮಂಗಳವಾರ ಬೆಳಿಗ್ಗೆ ನಾನು ಬೇಗ ಹೋಗಿದ್ದೆ. ಅಜ್ಜಿ ಬೆಂಚಿಂದ ಎದ್ದು, ತಾತನ ಭುಜ ಹಿಡ್ಕೊಂಡು ಮೊದಲ ಬಸ್ಸಿಗೆ ಹೊರಡ್ತಿದ್ರು. ನನ್ನ ನೋಡಿ ಬೈಯಲಿಲ್ಲ. "ಬಂದ್ರಂತೆ ಅಲ್ವಾ ಮಗ ನಿಮ್ಮ ಸರ್ವರು?" ಅಂದ್ರು.

"ಬಂದ್ರು ಅಜ್ಜಿ" ಅಂದೆ. ನಿಜ ಹೇಳೋಕೆ ಬಾಯಿ ಬರಲಿಲ್ಲ. ಅವರ ಪೋರ್ಟ್ ನಂಬರ್ ದೊಡ್ಡದಿತ್ತು, ಅಷ್ಟೇ ಕಾರಣ ಅಂತ ಹೇಗೆ ಹೇಳೋದು? ಅವತ್ತು ಅಲ್ಲಿ ಹೇಳೋಕಾಗದ್ದನ್ನ ಇವತ್ತು ಇಲ್ಲಿ ಒಂಬತ್ತು ಭಾಗ ಮಾಡಿ ನಿಮಗೆ ಹೇಳಿದ್ದೀನಿ.

ನಿಮ್ಮ ಮನೆ ಇನ್ವರ್ಟರ್ ಲೈನಲ್ಲಿ ಮೊದಲ ಪಾಯಿಂಟ್ ಯಾರದ್ದು? ಯಾರು ತೀರ್ಮಾನ ಮಾಡಿದ್ದು? ಕಾಮೆಂಟ್ ಮಾಡಿ, ಎಲ್ಲ ಓದ್ತೀನಿ. ಬಿಲ್ಲಿಂಗ್ ಕೌಂಟರಲ್ಲಿ ಕೂರೋ ಫ್ರೆಂಡ್ ಯಾರಾದ್ರೂ ಇದ್ರೆ ಅವರಿಗೊಂದು ಶೇರ್ ಮಾಡಿ.

#ಬಿಕಾಂ_ಡೈರಿ #ಕನ್ನಡದಲ್ಲೇ_ಓದೋಣ #ಸರ್ವರ್_ಡೌನ್_ಅಲ್ಲ #ಯಾರಿಗೆ_ಮೊದಲು